ಕೊಡದೆ ಉಳಿದ ಮುಡಿ

ಕೆಸರೆ, ಮೈಸೂರು
೧೩-೮-೧೯೬೧, ಭಾನುವಾರ

ಲೋ ಬಸವ,

ಎಲ್ಲರೂ ಕ್ಷೇಮ ಎಂದು ಮೊದಲ ಸಾಲು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಶಾಯಿಯ ಗೀಟು ಕಾಣುತ್ತಿದೆಯಲ್ಲ, ಅದೇ.

ಮೊನ್ನೆ ಶುಕ್ರವಾರ ಅವ್ವ ಶಾರದಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು. ನಾನು ಜಗಲಿಯಲ್ಲಿ ಸೈಕಲ್ಲಿನ ಚೈನು ಹಾಕುತ್ತಿದ್ದೆ. ಒಳಗೆ ಬಾಚಣಿಗೆ ಬಿದ್ದ ಸದ್ದಾಯಿತು, ಆಮೇಲೆ ಮಾತೇ ಇಲ್ಲ. ನಮ್ಮವ್ವ ಸುಮ್ಮನಾದಳೆಂದರೆ ಏನೋ ಆಗಿದೆ ಅಂತ ನಿನಗೂ ಗೊತ್ತು. ಒಳಗೆ ಹೋಗಿ ನೋಡಿದೆ. ನನ್ನ ತಂಗಿಯ ತಲೆಯಲ್ಲಿ, ಬಲಗಿವಿಯಿಂದ ನಾಲ್ಕು ಬೆರಳು ಮೇಲೆ, ರೂಪಾಯಿ ನಾಣ್ಯದಷ್ಟು ಜಾಗ ಬೋಳಾಗಿದೆ. ಗಾಯ ಇಲ್ಲ, ಹೊಟ್ಟಿಲ್ಲ, ಕಜ್ಜಿ ಇಲ್ಲ. ತೊಳೆದಿಟ್ಟ ಬಟ್ಟಲಿನ ಹಾಗೆ ನುಣ್ಣಗಿದೆ.

"ಹುಳ ತಿಂದದೆ," ಅಂದಳು ಅವ್ವ.

"ನಾಕು ದಿನದಿಂದ ದಿಂಬಿನ ಮೇಲೆ ಉದುರ್ತಿತ್ತು," ಅಂದಳು ಶಾರದ.

"ಹೇಳಕ್ಕೇನಾಗಿತ್ತೇ ನಿಂಗೆ?"

"ಹೇಳಿದ್ರೆ ಹುಳ ಓಡೋಯ್ತಿತ್ತಾ?"

ಅವ್ವ ನನ್ನನ್ನು ದೇವರ ಗೂಡಿನ ಮುಂದೆ ನಿಲ್ಲಿಸಿ ಆಣೆ ಇಡಿಸಿಕೊಂಡಳು. ನಜರಬಾದಿನವರಿಗೆ, ಅಂದರೆ ನಿನಗೂ ನಿನ್ನ ಅವ್ವನಿಗೂ, ಇದು ತಿಳಿಯಕೂಡದು. ಜೂನಿನಲ್ಲಿ ನಿನಗೂ ಅವಳಿಗೂ ವೀಳ್ಯ ಆಗಿದೆ, ವೈಶಾಖಕ್ಕೆ ಮದುವೆ. ಹೆಣ್ಣು ನೋಡಲು ಬಂದ ದಿನ ನಿಮ್ಮವ್ವ ಪುಟ್ಟತಾಯಮ್ಮನವರು ಏನು ಮಾಡಿದರು ಎಂದು ನಿನಗೆ ಜ್ಞಾಪಕವಿದೆಯಲ್ಲ. ಶಾರದಳ ಜಡೆ ಬಿಚ್ಚಿಸಿ, ಚೌರಿ ಸೇರಿಸಿಲ್ಲ ಎಂದು ಬೆರಳಾಡಿಸಿ ನೋಡಿ, ಮೊಳ ಹಾಕಿ, "ಎರಡು ಮೊಳದ ಮ್ಯಾಕೆ ನಾಕು ಬೆಳ್ಳು" ಅಂದರು. ಆಮೇಲೆ ತಾನೇ ತಾಂಬೂಲ ಮುಟ್ಟಿದ್ದು.

ಇದನ್ನೆಲ್ಲ ಬಿಡು. ನಿನಗೆ ಬರೆಯಬೇಕೆಂದು ಕೂತದ್ದು ಬೇರೆ ಮಾತಿಗೆ. ನೀನು ಮರೆತಿರಬಹುದು, ನನಗೆ ಎರಡು ದಿನದಿಂದ ಅದೇ. ಎರಡು ವರ್ಷದ ಹಿಂದೆ ಶಾರದ ಟೈಫಾಯಿಡ್ ಬಂದು ಮಲಗಿದ್ದಾಗ ಅವ್ವ ನಂಜುಂಡೇಶ್ವರನಿಗೆ ಹರಕೆ ಹೊತ್ತಳು, ಮಗಳು ಎದ್ದರೆ ಮಗನ ಮುಡಿ ಕೊಡಿಸುತ್ತೇನೆ ಎಂದು. ಅವಳು ಎದ್ದಳು. ಅವ್ವ ನಮ್ಮಿಬ್ಬರನ್ನೂ ನಂಜನಗೂಡಿನ ರೈಲಿಗೆ ಹೊರಡಿಸಿದಳು. ನಾವು ಸ್ಟೇಷನ್ನಿಗೆ ಹೋಗಲೇ ಇಲ್ಲ. ಅಗ್ರಹಾರದ ಸಲೂನಿನ ಕುರ್ಚಿಯಲ್ಲಿ ಕೂತು ನಾನು ತಲೆ ಬೋಳಿಸಿಕೊಂಡೆ, ಇಬ್ಬರೂ ಮ್ಯಾಟಿನಿಗೆ ಹೋದೆವು. ಕಪಿಲಾ ಹೊಳೆ ಸೇರಬೇಕಾಗಿದ್ದ ಕೂದಲನ್ನು ಸಲೂನಿನವನು ಪೊರಕೆಯಿಂದ ಗುಡಿಸಿ ಮೂಲೆಗೆ ತಳ್ಳಿದ. ಸಂಜೆ ಮಾರ್ಕೆಟ್ಟಿನಲ್ಲಿ ನಂಜನಗೂಡಿನ ರಸಬಾಳೆ ಒಂದು ಚಿಪ್ಪು ಕೊಂಡು ಮನೆಗೆ ತಂದೆವು. ಅವ್ವ ಒಂದೊಂದು ಹಣ್ಣನ್ನೂ ಕಣ್ಣಿಗೊತ್ತಿಕೊಂಡು ಬೀದಿಗೆಲ್ಲ ಹಂಚಿದಳು. ನಾವು ಹಿತ್ತಲಲ್ಲಿ ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕೆವು.

ನನ್ನ ಕೂದಲಲ್ಲಿ ಮೋಸ ಮಾಡಿದೆ. ನಂಜುಂಡೇಶ್ವರ ತಂಗಿಯ ಕೂದಲನ್ನು ಎಳೆದುಕೊಳ್ಳುತ್ತಿದ್ದಾನೆ. ಇನ್ನು ಹೇಗೆ ಅರ್ಥ ಮಾಡಿಕೊಳ್ಳಲಿ ನಾನು? ಅವ್ವ ಬೇರೆ, "ಮುಡಿ ಕೊಡಿಸ್ದೆ, ಇನ್ನೇನು ಬಾಕಿ ಮಡಗಿದ್ದೀನಿ ಸ್ವಾಮಿ?" ಅಂತ ಗೋಡೆ ಕಡೆ ತಿರುಗಿ ಕೇಳುತ್ತಾಳೆ. ನಾಳೆಯಿಂದ ಸೋಮವಾರ ಸೋಮವಾರ ಉಪವಾಸವಂತೆ.

ಇಷ್ಟು ಬರೆದು ಓದಿ ನೋಡಿದೆ. ಅಂಚೆಗೆ ಹಾಕಲಾರೆ. ಬಿಸ್ಕತ್ತಿನ ಖಾಲಿ ಡಬ್ಬದಲ್ಲಿ ಇಡುತ್ತೇನೆ.

ಮಹದೇವು


ಮೈಸೂರು
೧೫-೮-೧೯೬೧

ಗೆಳೆಯ ಬಸವರಾಜು,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾನು ಬಸ್ ಕಂಪನಿಯ ಬುಕಿಂಗ್ ಕೆಲಸ ಬಿಟ್ಟೆ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಇದು ಬಿಟ್ಟ ನಾಲ್ಕನೆಯ ಕೆಲಸ, ನೀನು ಲೆಕ್ಕ ಹೇಳುವುದು ಬೇಡ. ಈಗ ಅಗ್ರಹಾರದ ಒಂದು ಔಷಧದ ಅಂಗಡಿಯಲ್ಲಿದ್ದೇನೆ. ಸಾಹುಕಾರರು ಅಶ್ವತ್ಥಯ್ಯನವರು, ಒಳ್ಳೆಯವರು. ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲವೆಂದು ಡಾಕ್ಟರುಗಳ ಮನೆಗೆ ಸಾಮಾನು ತಲುಪಿಸುವ ಕೆಲಸ ಕೊಟ್ಟಿದ್ದಾರೆ.

ಶಾರದ ಚೆನ್ನಾಗಿದ್ದಾಳೆ. ಮಳೆ ಇಲ್ಲ.

ನಿನ್ನ,
ಮಹದೇವು


ಭದ್ರಾವತಿ
೨-೯-೧೯೬೧

ಭಾವಮೈದುನ ಮಹದೇವುಗೆ,

ನಿನ್ನ ಕಾರ್ಡು ತಲುಪಿತು. ಒಂದು ಕಾರ್ಡಿನಲ್ಲಿ ನಿನ್ನ ಕೆಲಸದ ವಿಷಯ ಹನ್ನೆರಡು ಸಾಲು, ನಾನು ಕೇಳಬೇಕಾದವರ ವಿಷಯ ಎರಡು ಪದ. ಮಳೆಯದ್ದೂ ಎರಡು ಪದ. ನನ್ನ ಹೆಂಡತಿಯಾಗುವವಳೂ ಮಳೆಯೂ ನಿನಗೆ ಒಂದೇನಾ?

ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತರೆ ಹುಬ್ಬಿನ ಕೂದಲು ಸುಟ್ಟು ಮುರುಟುತ್ತದೆ. ನನ್ನ ಜೊತೆಯ ಫಿಟ್ಟರ್ ಚಿಕ್ಕಣ್ಣ ಹೇಳುತ್ತಾನೆ, ಮದುವೆ ಹೊತ್ತಿಗೆ ನಿನ್ನನ್ನು ಗುರುತು ಹಿಡಿಯೋರೇ ಇರಲ್ಲ ಅಂತ.

ಒಂದು ಕೆಲಸ ಮಾಡು. ದಸರಾದಲ್ಲಿ ಶಾರದಳಿಗೆ ಮೊಗ್ಗಿನ ಜಡೆ ಹಾಕಿಸಿ ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿ ಕಳಿಸು. ಹಿಂದೆ ಕನ್ನಡಿ ಇಟ್ಟು ಜಡೆಯೂ ಮುಖವೂ ಎರಡೂ ಕಾಣುವ ಹಾಗೆ ತೆಗೆಯುತ್ತಾರಲ್ಲ, ಹಾಗೆ. ನಮ್ಮವ್ವ ಬರೆಸಿದ ಪತ್ರದಲ್ಲೆಲ್ಲ ಆ ಕೂದಲಿನ ಸುದ್ದಿಯೇ. ಮದುವೆಯ ಹಿಂದಿನ ದಿನ ಎಣ್ಣೆಶಾಸ್ತ್ರಕ್ಕೆ ಐದು ಜನ ಮುತ್ತೈದೆಯರು ಬರಲಿ, ತಲೆ ಪೂರ್ತಿ ಬಿಚ್ಚಿಸಿ ಎಲ್ಲರ ಎದುರಿಗೆ ನಾನೇ ಎಣ್ಣೆ ಒತ್ತುತ್ತೇನೆ ಎಂದು ಈಗಲೇ ನೇಮಿಸಿದ್ದಾಳೆ. ಬೀದಿಯವರಿಗೆಲ್ಲ ಸೊಸೆಯ ಕೂದಲು ತೋರಿಸುವ ಆಸೆ ಮುದುಕಿಗೆ.

ನಿನ್ನ,
ಬಸವರಾಜು


ಮೈಸೂರು
೨೪-೧೦-೧೯೬೧

ಗೆಳೆಯ ಬಸವರಾಜು,

ನೀನು ಕೇಳಿದ ಫೋಟೋ ಇದರೊಳಗಿದೆ. ಮಡಿಸಬಾರದೆಂದು ಔಷಧದ ಡಬ್ಬದ ರಟ್ಟು ಕತ್ತರಿಸಿ ಇಟ್ಟಿದ್ದೇನೆ. ಮೊಗ್ಗು ಅದೇ ದಿನ ಬೆಳಿಗ್ಗೆ ಮಾರ್ಕೆಟ್ಟಿನಿಂದ ತಂದದ್ದು. ಹೂ ಕಟ್ಟುವ ಬೋರಮ್ಮನವರು ಮೂರು ಗಂಟೆ ಕೂತು ಹೊಲಿದರು. ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಅಂದರು.

ದಸರಾಗೆ ಜನ ಬಹಳ. ಬೇರೆ ವಿಶೇಷವಿಲ್ಲ.

ಮಹದೇವು


ಅದೇ ದಿನ, ಅಂಗಡಿಯಲ್ಲಿ ಮಧ್ಯಾಹ್ನ

ಬಸವ,

ಫೋಟೋ ಅಂಚೆಗೆ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಇದೂ ಡಬ್ಬಕ್ಕೇ.

ನೀನು ನೋಡುವ ಕನ್ನಡಿಯೊಳಗಿನ ಜಡೆಯಲ್ಲಿ ಮೇಲಿನ ನಾಲ್ಕು ಸಾಲು ಮೊಗ್ಗು ಒತ್ತೊತ್ತಾಗಿ ಇದೆಯಲ್ಲ, ಅದರ ಕೆಳಗೆ ಕೂದಲಿಲ್ಲ. ಒಂದು ಇದ್ದದ್ದು ಮೂರಾಗಿದೆ. ಬೋರಮ್ಮನವರಿಗೆ ಅವ್ವ ಕೈ ಮುಗಿದು ಬಾಯಿ ಮುಚ್ಚಿಸಿದ್ದಾಳೆ.

ಇನ್ನೊಂದು. ಸೆಪ್ಟೆಂಬರಿನಲ್ಲಿ ನಾನು ಯಾರೋ ಹೇಳಿದರೆಂದು ಒಬ್ಬ ನಾಟಿವೈದ್ಯನ ಹತ್ತಿರ ಗುಲಗಂಜಿ ಅರೆದ ಲೇಪ ತಂದೆ. ಹಚ್ಚಿದ ಜಾಗ ಉರಿಯುತ್ತದೆ, ಉರಿದಷ್ಟೂ ಹುಳ ಸಾಯುತ್ತದೆ ಅಂದಿದ್ದ. ಶಾರದ ಒರೆಸಿ ಒರೆಸಿ ಅಂತ ಕೂಗಿದಳು. ನಾನು ಅವಳ ಎರಡೂ ಕೈ ಹಿಡಿದುಕೊಂಡು ಕೂತಿದ್ದೆ. ಮಾರನೆಯ ದಿನ ಬೊಬ್ಬೆ ಎದ್ದು ನೀರು ಒಡೆಯಿತು. ಕೂದಲು ಬರಲಿಲ್ಲ.

ಸ್ಟುಡಿಯೋದಿಂದ ಬರುವಾಗ ಜಟಕಾದಲ್ಲಿ ಅವಳು ಕೇಳಿದಳು:

"ಅಣ್ಣ, ಅವ್ರು ಮದ್ವೆ ಆಗೋದು ನನ್ನನ್ನೋ, ಫೋಟೋನೋ?"

"ಸುಮ್ನಿರು."

"ಎಣ್ಣೆಶಾಸ್ತ್ರದ ದಿನ ಫೋಟೋನ ಕೂರ್ಸಿ ಅಂಗಾದ್ರೆ."

ಜಟಕಾದವನು ನಕ್ಕ. ನನಗೆ ಇಳಿದು ಓಡಿಹೋಗೋಣ ಅನ್ನಿಸಿತು. ನಿಜವಾಗಿಯೂ ಹೇಳುತ್ತೇನೆ, ಈ ತಿಂಗಳು ಎರಡು ಸಲ ರೈಲ್ವೆ ಸ್ಟೇಷನ್ನಿಗೆ ಹೋಗಿ ಗುಂತಕಲ್ ಗಾಡಿಯ ವೇಳೆ ಕೇಳಿಕೊಂಡು ಬಂದಿದ್ದೇನೆ. ಗುಂತಕಲ್ಲಿನಿಂದ ಬೊಂಬಾಯಿಗೆ ಹೋದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಆದರೆ ಸೋಮವಾರ ಅವ್ವ ನೀರು ಕುಡಿದು ಮಲಗುತ್ತಾಳೆ, ನಾನು ಅವಳ ಎದುರಿಗೇ ಕೂತು ಎರಡು ಮುದ್ದೆ ಉಣ್ಣುತ್ತೇನೆ. ಅದನ್ನು ಬಿಟ್ಟು ಎಲ್ಲಿಗೆ ಹೋಗುವುದು.

ಮಹದೇವು


ಭದ್ರಾವತಿ
೨೦-೧೧-೧೯೬೧

ಮಹದೇವು,

ಫೋಟೋ ಬಂದ ದಿನ ಕ್ವಾರ್ಟರ್ಸಿನವರೆಲ್ಲ ಕೈಯಿಂದ ಕೈಗೆ ಹಾಕಿ ನೋಡಿದರು. ನಾನು ಸಂತೋಷಪಟ್ಟೆ. ಮೂರನೆಯ ದಿನದಿಂದ ಮಾತ್ರ ಆ ಮುಖ ನೋಡಿದಾಗಲೆಲ್ಲ ಒಂದು ಸಂಶಯ. ಅವಳು ಯಾಕೆ ಹಾಗೆ ನೋಡುತ್ತಿದ್ದಾಳೆ? ಕ್ಯಾಮರಾದವನು ಅವಳಿಗೆ ಏನೋ ಕೆಟ್ಟದ್ದು ಹೇಳಿದ ಹಾಗೆ.

ದೀಪಾವಳಿಗೆ ನಮ್ಮವ್ವ ಹೂವು ಹಣ್ಣು ತೆಗೆದುಕೊಂಡು ಕೆಸರೆಗೆ ಬಂದಿದ್ದಳಲ್ಲ. ಅವಳೇ ಮುಡಿಸುತ್ತೇನೆ ಎಂದರೆ ನಿಮ್ಮವ್ವ ಕೆಂಚಮ್ಮನವರು ಬಿಡಲಿಲ್ಲವಂತೆ. ಹುಡುಗಿಗೆ ನೆಗಡಿ, ತಲೆ ಮುಟ್ಟುವ ಹಾಗಿಲ್ಲ ಅಂದರಂತೆ. ಶಾರದ ತಲೆ ತುಂಬ ಸೆರಗು ಹೊದ್ದು ಬಂದು ಕಾಲಿಗೆ ಬಿದ್ದು ಒಳಗೆ ಹೋದಳಂತೆ. ನೆಗಡಿ ಆದವರು ಒಂದು ಸಲವೂ ಸೀನಲಿಲ್ಲ ಎಂದು ಅವ್ವ ಬರೆಸಿದ್ದಾಳೆ.

ಒಂದೇ ಮಾತು ಕೇಳುತ್ತೇನೆ. ಅವಳಿಗೆ ನಾನು ಬೇಡವೇ? ಬೇರೆ ಯಾರಾದರೂ ಮನಸ್ಸಿನಲ್ಲಿದ್ದಾರೆಯೇ? ಇದ್ದರೆ ಇದ್ದಾರೆ ಅನ್ನು. ನಾನು ಗಲಾಟೆ ಮಾಡುವವನಲ್ಲ. ಆದರೆ ಗೊತ್ತಿಲ್ಲದೆ ಹಸೆಮಣೆ ಮೇಲೆ ಕೂರುವವನೂ ಅಲ್ಲ. ಸಂಕ್ರಾಂತಿಯ ಒಳಗೆ ಸರಿಯಾದ ಉತ್ತರ ಬರದಿದ್ದರೆ ವೀಳ್ಯ ಹಿಂದಕ್ಕೆ ಕೊಡುವಂತೆ ಅವ್ವನಿಗೆ ನಾನೇ ಬರೆಯುತ್ತೇನೆ.

ಬಸವರಾಜು


ಮೈಸೂರು
೨೭-೧೧-೧೯೬೧

ಬಸವರಾಜು,

ಬೇರೆ ಯಾರೂ ಇಲ್ಲ. ಚಾಮುಂಡಿ ಆಣೆ. ಅವಳು ನಿನ್ನ ಪತ್ರವನ್ನು ನನ್ನ ಕೈಯಿಂದ ಕಿತ್ತುಕೊಂಡು ಓದುತ್ತಾಳೆ. ಸ್ವಲ್ಪ ದಿನ ತಾಳು. ಏನೆಂದು ಕೇಳಬೇಡ, ನಾನೇ ಬರೆಯುತ್ತೇನೆ.

ಮಹದೇವು


ಮೈಸೂರು
೧೦-೧೨-೧೯೬೧

ಬಸವ,

ಬರೆಯುತ್ತೇನೆ ಎಂದೆನಲ್ಲ, ಬರೆಯುತ್ತಿದ್ದೇನೆ. ಹಾಕುತ್ತೇನೋ ಇಲ್ಲವೋ ಕೊನೆಯಲ್ಲಿ ನೋಡೋಣ.

ನಮ್ಮ ಅಂಗಡಿಯಿಂದ ಮೂರನೆಯ ಬಾಗಿಲು ಡಾಕ್ಟರ್ ಸುಂದರೇಶ ಅವರದು. ಮದ್ರಾಸಿನಲ್ಲಿ ಚರ್ಮದ ಕಾಯಿಲೆಗಳನ್ನೇ ಓದಿ ಬಂದವರು. ದಿನಾ ಅವರಿಗೆ ಔಷಧ ತಲುಪಿಸುವವನು ನಾನೇ. ಆದರೂ ಬಾಯಿ ಬಿಡಲು ಇಷ್ಟು ದಿನ ಬೇಕಾಯಿತು. ಮೊನ್ನೆ ಅವ್ವನಿಗೆ ಗೊತ್ತಾಗದ ಹಾಗೆ ಶಾರದಳನ್ನು ಕರೆದುಕೊಂಡು ಹೋದೆ.

ಅವರು ಭೂತಗನ್ನಡಿ ಹಿಡಿದು ಒಂದೊಂದು ಬೋಳನ್ನೂ ನೋಡಿದರು. ಅಂಚಿನ ಕೂದಲು ಎರಡು ಎಳೆದು ನೋಡಿದರು. ಸುಟ್ಟ ಕಲೆ ನೋಡಿ, "ಇದ್ಯಾರು ಮಾಡಿದ್ದು?" ಅಂದರು. ನಾನು ಗುಲಗಂಜಿ ಅಂದೆ. "ಕಣ್ಣಿಗೆ ಬಿದ್ದಿದ್ರೆ ಕಣ್ಣೇ ಹೋಗ್ತಿತ್ತು. ಮಹಾಬುದ್ಧಿವಂತ ನೀನು," ಅಂದರು. ಆಮೇಲೆ ಶಾರದಳ ಕಡೆ ತಿರುಗಿ, "ಹುಳ ಗಿಳ ಏನೂ ಇಲ್ಲಮ್ಮ. ನಿನ್ನ ಮೈಯೇ ನಿನ್ನ ಕೂದಲ ಜೊತೆ ಜಗಳಕ್ಕೆ ಬಿದ್ದಿದೆ."

"ಯಾಕೆ ಸಾರ್?" ಅಂದಳು.

ಅವರು ಬರೆಯುವ ಚೀಟಿಯ ಹಿಂಬದಿಯಲ್ಲಿ ಒಂದು ಕೂದಲು, ಕೆಳಗೆ ಈರುಳ್ಳಿ ಗಡ್ಡೆಯ ಹಾಗೆ ಅದರ ಬೇರು ಬರೆದರು. ಸುತ್ತ ಚುಕ್ಕೆ ಚುಕ್ಕೆ ಇಟ್ಟರು. ನಮ್ಮ ರಕ್ತದಲ್ಲಿ ಬಿಳಿ ಕಣ ಅಂತ ಇವೆಯಂತೆ. ಹೊರಗಿನಿಂದ ರೋಗ ನುಗ್ಗಿದರೆ ಹೊಡೆದಾಡಿ ಅಟ್ಟುವುದು ಅವುಗಳ ಕೆಲಸ. ಎರಡು ವರ್ಷದ ಹಿಂದೆ ಟೈಫಾಯಿಡಿನಿಂದ ಇವಳನ್ನು ಉಳಿಸುವುದಕ್ಕೆ ಹೊಡೆದಾಡಿದ ಪಡೆಯಲ್ಲಿ ಅವೂ ಇದ್ದವಂತೆ. ಅಂಥವು ಒಂದೊಂದು ಸಲ ಮನೆಯವರನ್ನೇ ಕಳ್ಳರೆಂದು ತಿಳಿಯುತ್ತವಂತೆ. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಕೂದಲ ಬೇರನ್ನು ಮುತ್ತಿಕೊಂಡು, ಬೆಳೆಯಲು ಬಿಡುವುದಿಲ್ಲವಂತೆ.

"ಬೇರು ಸತ್ತಿಲ್ಲ, ಅದನ್ನ ತಿಳ್ಕೊಳ್ಳಿ. ಒಳಗೆ ಹಾಗೇ ಕೂತಿದೆ. ಇವು ಚದುರಿದ್ರೆ ಮತ್ತೆ ಬೆಳೆಯುತ್ತೆ," ಅಂದರು.

ಯಾಕೆ ತಪ್ಪು ತಿಳಿದವು ಎಂದು ಕೇಳಿದೆ. "ನನಗೂ ಗೊತ್ತಿಲ್ಲ ಕಣಯ್ಯ. ಹೀಗಿರಬಹುದು ಅಂತ ಈಗೀಗ ಹೊರದೇಶದಲ್ಲಿ ಕೆಲವರು ಬರೀತಿದಾರೆ. ಪೂರ್ತಿ ತಿಳಿದವರು ಯಾರೂ ಇಲ್ಲ," ಅಂದರು. ಮುಚ್ಚಿಡದೆ ಗೊತ್ತಿಲ್ಲ ಅಂದದ್ದಕ್ಕೋ ಏನೋ, ಅವರು ಹೇಳಿದ ಉಳಿದದ್ದೆಲ್ಲ ನಂಬಬೇಕು ಅನ್ನಿಸಿತು.

ಶಾರದ ಹೊರಗೆ ಹೋದ ಮೇಲೆ ಬಾಗಿಲ ಹತ್ತಿರ ನಿಂತು ಕೇಳಿಯೇಬಿಟ್ಟೆ. "ಸಾರ್, ದೇವರಿಗೆ ಹೇಳಿಕೊಂಡ ಮುಡಿ ಕೊಡದೆ ಇದ್ರೆ ಹೀಗಾಗ್ತದಾ?"

ಡಾಕ್ಟರಿಗೆ ತಲೆಯಲ್ಲಿ ಕಿವಿಯ ಹತ್ತಿರ ಬಿಟ್ಟು ಬೇರೆಲ್ಲೂ ಕೂದಲಿಲ್ಲ. ಅದನ್ನು ಸವರಿಕೊಂಡರು. "ನಾನು ಯಾವ ಹರಕೇನೂ ಹೊತ್ತಿರಲಿಲ್ಲ ನೋಡು. ನೀನು ಮಾತಿಗೆ ತಪ್ಪಿದ್ರೆ ಅದು ನಿಂದು, ನಿಮ್ಮನೆಯವರದು. ಅವಳ ತಲೆ ಮೇಲೆ ಹಾಕಬೇಡ," ಅಂದರು.

ಕಾರ್ಟಿಸೋನ್ ಜಾತಿಯ ಹೊಸ ಮದ್ದು ಬಂದಿದೆ. ಸಣ್ಣ ಸೂಜಿಯಲ್ಲಿ ಆ ಜಾಗಕ್ಕೇ ಚುಚ್ಚುತ್ತಾರೆ, ಮುತ್ತಿಕೊಂಡವು ಚದುರಲಿ ಅಂತ. ಒಂದೊಂದು ಜಾಗಕ್ಕೆ ಐದಾರು ಚುಚ್ಚು. ಶಾರದ ಮೇಜಿನ ಅಂಚು ಹಿಡಿದುಕೊಂಡಳು, ಕೂಗಲಿಲ್ಲ. ನಾನು ಈ ಸಲ ಅವಳ ಕೈ ಹಿಡಿಯಲಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಹೋಗಬೇಕು. ವೈಶಾಖದೊಳಗೆ ಬರುತ್ತದೆಯೇ ಎಂದು ಕೇಳಿದರೆ ಮಾತು ಕೊಡುವುದಿಲ್ಲ ಅಂದರು. ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಲೂಬಹುದಂತೆ.

ನೋಡು, ಎಲ್ಲ ಬರೆದೆ. ಲಕೋಟೆಗೆ ವಿಳಾಸವನ್ನೂ ಬರೆದೆ. ಅಂಚೆ ಡಬ್ಬದ ಮುಂದೆ ನಿಂತಾಗ ನಿಮ್ಮವ್ವ ಐದು ಜನರ ಎದುರು ಆ ಜಡೆ ಬಿಚ್ಚುವುದು ಕಣ್ಣಿಗೆ ಬಂತು. ವಾಪಸು ತಂದಿದ್ದೇನೆ.

ಮಹದೇವು


ಕೆಸರೆ
೧೧-೧-೧೯೬೨

ಭದ್ರಾವತಿಯವರಿಗೆ,

ಹೆಸರು ಬರೆಯಲು ಕೈ ಬರುತ್ತಿಲ್ಲ, ತಪ್ಪು ತಿಳಿಯಬೇಡಿ. ನಾನು ಎಂಟನೇ ಕ್ಲಾಸಿನವರೆಗೆ ಓದಿದವಳು, ಕಾಗುಣಿತ ನೋಡಿ ನಗಬೇಡಿ.

ಡಾಕ್ಟರ ಚೀಟಿ ಹುಡುಕುತ್ತಿದ್ದಾಗ ಅಣ್ಣನ ಬಿಸ್ಕತ್ತಿನ ಡಬ್ಬ ಸಿಕ್ಕಿತು. ಒಳಗೆ ಮೂರು ಪತ್ರ. ಮೂರೂ ನಿಮಗೇ ಬರೆದದ್ದು. ಅಂಗಡಿಯಿಂದ ಅವನು ಬರುವುದರೊಳಗೆ ಓದಿದೆ. ಮುಡಿಯ ವಿಷಯ ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಆ ಬಾಳೆಹಣ್ಣು ನಾನೂ ಎರಡು ತಿಂದಿದ್ದೆ.

ಮೂರನ್ನೂ ಇದರ ಜೊತೆ ಇಟ್ಟಿದ್ದೇನೆ. ಅವನ ಆಣೆ ಅವನಿಗೆ. ನಾನು ಆಣೆ ಇಟ್ಟಿಲ್ಲ.

ಮನಸ್ಸಿನಲ್ಲಿ ಬೇರೆ ಯಾರಿದ್ದಾರೆ ಎಂದು ಕೇಳಿದ್ದೀರಿ. ಅದನ್ನು ಓದಿದ ದಿನದಿಂದ ನನಗೆ ತಲೆಯ ಚಿಂತೆ ಹೋಗಿ ಅದೇ ಚಿಂತೆಯಾಗಿದೆ. ಕೂದಲು ಹೋದವಳು ಅನ್ನಿಸಿಕೊಳ್ಳುತ್ತೇನೆ, ಅದನ್ನು ಅನ್ನಿಸಿಕೊಳ್ಳಲಾರೆ.

ಈಗ ನಾಲ್ಕು ಜಾಗ ಇದೆ. ದೊಡ್ಡದು ಅಂಗೈ ಗುಳಿಯಷ್ಟು. ಎಣ್ಣೆಶಾಸ್ತ್ರಕ್ಕೆ ನಾನು ಚೌರಿ ಕಟ್ಟುವುದಿಲ್ಲ, ನೆಗಡಿ ಅನ್ನುವುದಿಲ್ಲ. ಬಿಚ್ಚಿ ಎಂದವರ ಮುಂದೆ ಬಿಚ್ಚಿ ಕೂರುತ್ತೇನೆ. ನಿಮಗೆ ಆಗದಿದ್ದರೆ ಸಂಕ್ರಾಂತಿ ಅಂತ ನೀವು ಹೇಳಿದ್ದೀರಿ, ಆ ಗಡುವು ಇಟ್ಟುಕೊಳ್ಳಿ. ಆಗುವುದಿದ್ದರೆ ಮಾತ್ರ ನಿಮ್ಮವ್ವನವರಿಗೆ ಮೊದಲೇ ಹೇಳಿ. ಅವರು ಪಾಪ, ಮೊಳ ಹಾಕಿ ನೋಡಿ ಒಪ್ಪಿದವರು.

ಶಾರದ


ಭದ್ರಾವತಿ
೨-೨-೧೯೬೨

ಮಹದೇವು,

ಶಾರದ ಕಳಿಸಿದ ಪತ್ರಗಳಿಗೆ ಮೂರು ವಾರ ಉತ್ತರ ಬರೆಯಲಿಲ್ಲ. ಬರೆದರೆ ಕೆಟ್ಟ ಮಾತು ಬರುತ್ತಿತ್ತು. ಈಗಲೂ ಬರಬಹುದು.

ಆ ಫೋಟೋ ಯಾಕೋ ಕಳಿಸಿದೆ? ಕೂದಲು ಹೋದದ್ದಕ್ಕೆ ನೀನು ಏನು ಮಾಡುತ್ತೀಯ, ಅವಳು ಏನು ಮಾಡುತ್ತಾಳೆ. ಹೂವಿನ ಕೆಳಗೆ ಮುಚ್ಚಿ, ರಟ್ಟು ಕಟ್ಟಿ, ಅಂಚೆ ಚೀಟಿ ಹಚ್ಚಿ ನನಗೇ ಕಳಿಸಿದೆಯಲ್ಲ. ನಾನು ಅದನ್ನು ಊರಿಗೆಲ್ಲ ತೋರಿಸಿಕೊಂಡು ಬಂದೆ. ಮೂರು ಸಲ ಬರೆದು ಮೂರು ಸಲ ಡಬ್ಬಕ್ಕೆ ಹಾಕಿದವನು, ನಾನು ಏನು ಮಾಡಿಬಿಡುತ್ತೇನೆ ಎಂದುಕೊಂಡಿದ್ದೆ?

ಅಲ್ಲ, ನೀನು ಅಂದುಕೊಂಡದ್ದು ಪೂರ್ತಿ ತಪ್ಪೂ ಅಲ್ಲ. ಓದಿದ ದಿನ ನನಗೂ ಬೇಡ ಅನ್ನಿಸಿತ್ತು. ಸಂಕ್ರಾಂತಿ ಕಳೆದು ಒಂದು ವಾರದವರೆಗೂ ಅನ್ನಿಸಿತ್ತು. ಸುಳ್ಳು ಹೇಳಲಾರೆ. ಆಮೇಲೆ ಅವಳ ಪತ್ರವನ್ನು ಇನ್ನೊಂದು ಸಲ ಓದಿದೆ.

ಮ್ಯಾಟಿನಿ ಟಿಕೆಟ್ ತೆಗೆಸಿದವನು ನಾನು. ಸ್ಟೇಷನ್ನಿನ ದಾರಿಯಲ್ಲಿ ತಿರುಗೋಣ ಅಂದವನು ನಾನು. ಅದನ್ನು ನಿನ್ನ ಪತ್ರದಲ್ಲಿ ಎಲ್ಲೂ ಬರೆದಿಲ್ಲ ನೀನು. ಸಿಟ್ಟು ಇಳಿದದ್ದು ಅದಕ್ಕೇ ಅಂತ ಕಾಣುತ್ತದೆ.

ಅವ್ವನಿಗೆ ಎಲ್ಲ ಬರೆದಿದ್ದೇನೆ, ಮುಡಿಯ ವಿಷಯವೊಂದು ಬಿಟ್ಟು. ಅದು ಮೊದಲು ಕೆಂಚಮ್ಮನವರಿಗೆ ತಿಳಿಯಬೇಕಾದದ್ದು, ನೀನೇ ಹೇಳಬೇಕು. ಪತ್ರವನ್ನು ಪಕ್ಕದ ಮನೆಯವರಿಂದ ಓದಿಸಿಕೊಂಡು ಅವ್ವ ಎರಡು ದಿನ ಊಟ ಮಾಡಲಿಲ್ಲವಂತೆ. ನನ್ನ ಮಾತಿನಿಂದ ಆಗುವುದಲ್ಲ ಅದು. ಅವಳು ಬೇಡ ಅಂದರೆ ಅವಳನ್ನು ಮೀರಿ ನಿಲ್ಲುವ ಧೈರ್ಯ ನನಗಿದೆಯೋ ಇಲ್ಲವೋ ಗೊತ್ತಿಲ್ಲ.

ಬಸವರಾಜು


ಕೆಸರೆ
೫-೩-೧೯೬೨

ಬಸವ,

ನಿನ್ನೆ ಭಾನುವಾರ ನಿಮ್ಮವ್ವ ಬಂದರು. ಮನೆಯೊಳಗೆ ಕಾಲಿಡಲಿಲ್ಲ. ಜಗಲಿಯಲ್ಲೇ ಕೂತರು. ಕಾಫಿ ಮುಂದಿಟ್ಟರೆ ಲೋಟವನ್ನು ಬೆರಳಿಂದ ಆಚೆ ಸರಿಸಿದರು. ನಮ್ಮವ್ವ ಕಂಬ ಹಿಡಿದುಕೊಂಡು ನಿಂತಿದ್ದಳು.

"ಕರೀರಿ ಉಡುಗೀನ," ಅಂದರು.

ಶಾರದ ಬಂದಳು, ಸೆರಗು ಹೊದ್ದಿರಲಿಲ್ಲ. ಯಾರೂ ಹೇಳದೆ ಅವರ ಮುಂದೆ ಬೆನ್ನು ಮಾಡಿ ಕೂತು, ತಾನೇ ಜಡೆ ಬಿಚ್ಚಿದಳು. ಬೀದಿಯಲ್ಲಿ ಎಳನೀರು ಗಾಡಿಯವನು ಹೋಗುತ್ತಿದ್ದ. ನಾನು ಅವನ ಕಡೆಗೆ ಅಡ್ಡ ನಿಂತೆ. ನಿಮ್ಮವ್ವ ಕೂದಲನ್ನು ಎರಡು ಕಡೆಗೆ ಸರಿಸಿ, ದೊಡ್ಡ ಬೋಳಿನ ಮೇಲೆ ಹೆಬ್ಬೆರಳು ಇಟ್ಟರು. ಬಹಳ ಹೊತ್ತು ಇಟ್ಟಿದ್ದರು.

"ನೋಯ್ತದಾ?"

"ಇಲ್ಲ ಅತ್ತೆ."

"ಬೋಳಾಗ್ಯದೆ ಅಂತ ಬರ್ದಿದ್ದ. ಇದೇನು, ಬೆಳ್ಳಗೆ ನವುರಾಗಿ?"

ನನಗೂ ಆಗಲೇ ಕಂಡದ್ದು. ಬೋಳಿನ ನಡುವೆ ಮಗುವಿನ ಕೂದಲಿನ ಹಾಗೆ, ಹತ್ತಿಯ ಎಳೆಯಷ್ಟು ಬಿಳಿ. ಬಿಸಿಲು ಬಿದ್ದರೆ ಮಾತ್ರ ಕಾಣುತ್ತದೆ.

"ಹೊಸದು ಅತ್ತೆ. ಮೊದಲು ಬೆಳ್ಳಗೆ ಬಂದು ಆಮೇಲೆ ಕಪ್ಪಾಗುತ್ತಂತೆ. ಡಾಕ್ಟರು ಹೇಳಿದ್ರು."

"ಆಗ್ದಿದ್ರೆ?"

"ಆಗ್ದಿದ್ರೆ ಬೆಳ್ಳಗೇ ಇರುತ್ತೆ. ಪೂರ್ತಿ ಉದುರಿದ್ರೂ ಉದುರಬಹುದಂತೆ. ಅದನ್ನೂ ಹೇಳಿದ್ರು."

ನಮ್ಮವ್ವ "ಮುಚ್ಚೇ ಬಾಯಿ" ಅಂದಳು. ನಿಮ್ಮವ್ವ ಅವಳ ಕಡೆ ನೋಡದೆ, "ಹೇಳ್ಲಿ ಬುಡ್ರಿ. ನಿಮ್ಮನೇಲಿ ಇವ್ಳೊಬ್ಳಾದ್ರೂ ಹೇಳ್ತಾಳಲ್ಲ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಪೋಟೋ ಕಳಿಸ್ದೋನು ನೀನೇನ್ಲಾ?"

"ಹೂಂ ಅತ್ತೆ."

"ತಲೆ ತುಂಬ ಕೂದ್ಲು ಅದೆ. ಒಳಗೇನಾದ್ರೂ ಮಡಗಿದ್ದಾನಾ ದೇವ್ರು?"

ಎದ್ದರು. ಆಗಬಹುದು ಅನ್ನಲಿಲ್ಲ, ಆಗುವುದಿಲ್ಲ ಅನ್ನಲಿಲ್ಲ. ಮೆಟ್ಟಿಲಿಳಿದು ನಿಂತು, "ಕೂದ್ಲು ಕಟ್ಕೊ, ಗಾಳಿ ಅದೆ," ಅಂತ ಶಾರದಳಿಗೆ ಅಂದು ಹೋದರು. ಅಷ್ಟೇ. ಕಾಫಿ ಹಾಗೇ ಆರಿತ್ತು. ಅವ್ವ ಅದನ್ನು ಚೆಲ್ಲಲೂ ಇಲ್ಲ, ಕುಡಿಯಲೂ ಇಲ್ಲ.

ನಿನಗೇನಾದರೂ ಬರೆಸಿದರೆ ಕೂಡಲೇ ತಿಳಿಸು. ಶಾರದ ಏನೂ ಆಗದವಳ ಹಾಗೆ ರಾಗಿ ಕೇರುತ್ತಿದ್ದಾಳೆ, ಆದರೆ ಬೆಳಿಗ್ಗೆಯಿಂದ ಅದೇ ಮೊರವನ್ನು ಕೇರುತ್ತಿದ್ದಾಳೆ.

ಮಹದೇವು


ಭದ್ರಾವತಿ
೨೦-೩-೧೯೬೨

ಮಹದೇವು,

ಇವತ್ತು ಅವ್ವನ ಪತ್ರ ಬಂತು. ಅವಳು ಬರೆಸಿದ ಹಾಗೇ ಬರೆಯುತ್ತೇನೆ, ನನ್ನದೊಂದು ಮಾತೂ ಸೇರಿಸಿಲ್ಲ:

"ಎಣ್ಣೆಶಾಸ್ತ್ರಕ್ಕೆ ಐದು ಜನಾನೇ ಬರ್ಲಿ. ಎಣ್ಣೆ ನಾನೇ ತರ್ತೀನಿ. ಮೊದಲು ಕೈ ಮಡಗೋಳು ನಾನು, ಕೊನೆಗಂಟ ತೆಗೆಯೋಳಲ್ಲ. ನನ್ನ ಕೈ ಇರೋ ಜಾಗ ಯಾರು ನೋಡ್ತಾರೋ ನೋಡೇಬುಡ್ತೀನಿ. ಆ ಕೆಂಚಮ್ಮಂಗೆ ಹೇಳು, ಇನ್ನೊಂದು ಸುಳ್ಳು ಹೇಳಿದ್ರೆ ಆ ಎಣ್ಣೆ ಅವಳ ತಲೆಗೇ ಸುರೀತೀನಿ."

ಗಡಿಬಿಡಿಯಲ್ಲಿದ್ದೇನೆ, ರಜಾ ಅರ್ಜಿ ಬರೆಯಬೇಕು.

ಬಸವರಾಜು


ನಂಜನಗೂಡು
೧೮-೬-೧೯೬೨, ಸೋಮವಾರ

ಬಸವ, ಶಾರದ, ಇಬ್ಬರಿಗೂ,

ಭದ್ರಾವತಿಯಿಂದ ಶಾರದ ಬರೆದ ಪತ್ರ ಶನಿವಾರ ತಲುಪಿತು. ಹಳೆಯ ಎರಡು ಜಾಗ ಕಪ್ಪಾಗಿ ತುಂಬಿದೆ, ಎಡಗಡೆ ಹೊಸದೊಂದು ಕಾಣಿಸಿಕೊಂಡಿದೆ ಎಂದು ಮೊದಲ ಸಾಲಿನಲ್ಲೇ ಬರೆದಿದ್ದಾಳೆ. ಕ್ಷೇಮ ಅನ್ನುವುದು ಎರಡನೆಯ ಸಾಲಿನಲ್ಲಿದೆ. ಬಸವ, ಮೊದಲು ಕಂಡದ್ದು ನಿನಗೇ ಅಂತಲೂ, ನೀನೇ ಕನ್ನಡಿ ಹಿಡಿದು ತೋರಿಸಿದೆ ಅಂತಲೂ ಬರೆದಿದ್ದಾಳೆ. ಡಾಕ್ಟರಿಗೆ ಓದಿ ಹೇಳಿದೆ. ಹೆದರಬೇಕಾಗಿಲ್ಲ, ಆಷಾಢಕ್ಕೆ ತವರಿಗೆ ಬಂದಾಗ ನೋಡುತ್ತೇನೆ ಅಂದರು.

ಮುಡಿಯ ವಿಷಯ ಅವ್ವನಿಗೆ ಹೇಳಿಬಿಡು ಎಂದು ನೀನು ಬರೆದು ನಾಲ್ಕೂವರೆ ತಿಂಗಳಾಯಿತು. ಮದುವೆ ಮುಗಿಯಲಿ ಅಂದುಕೊಂಡೆ, ಮದುವೆಯೂ ಮುಗಿಯಿತು. ಅವ್ವ ಸೋಮವಾರದ ಉಪವಾಸ ಇನ್ನೂ ಬಿಟ್ಟಿಲ್ಲ. ಕೂದಲು ಬಂತಲ್ಲ, ಸ್ವಾಮಿ ಕಣ್ಣು ಬಿಟ್ಟ, ಉಪವಾಸ ನಿಲ್ಲಿಸಿದರೆ ಮತ್ತೆ ಕೋಪ ಮಾಡಿಕೊಂಡಾನು ಅನ್ನುತ್ತಾಳೆ.

ಇವತ್ತು ಬೆಳಿಗ್ಗೆ ಅಶ್ವತ್ಥಯ್ಯನವರಿಗೆ ಹೇಳಿ ಮೊದಲ ರೈಲಿಗೆ ಬಂದೆ. ಹೊಳೆಯ ಮೆಟ್ಟಿಲಲ್ಲಿ ಕೂತು ತಲೆ ಕೊಟ್ಟೆ. ಮುಡಿ ತೆಗೆಯುವವನು ಮುದುಕ, ಕತ್ತಿ ಮೊಂಡು, ಎರಡು ಕಡೆ ಗಾಯವಾಗಿದೆ. ಯಾರ ಹೆಸರಿನ ಹರಕೆ ಎಂದು ಕೇಳಿದ. ತಂಗಿಯದು, ಮೂರು ವರ್ಷ ತಡವಾಯಿತು ಅಂದೆ. "ಬಂದ್ರಲ್ಲ ಬುಡಿ," ಅಂದ. ಇದರಿಂದ ಅವಳ ಕೂದಲು ಬರುತ್ತದೆ ಎಂದು ನಾನು ಕೊಡಲಿಲ್ಲ. ಡಾಕ್ಟರು ಬೇರು ಬರೆದು ತೋರಿಸಿದ ಚೀಟಿ ನನ್ನ ಜೇಬಿನಲ್ಲೇ ಇದೆ. ಮುಡಿ ಅವ್ವ ಹೇಳಿಕೊಂಡದ್ದು, ಕೊಡಬೇಕಾಗಿದ್ದವನು ನಾನು. ಕೂದಲು ನೀರಿಗೆ ಬಿದ್ದು ಸ್ವಲ್ಪ ಹೊತ್ತು ಅಲ್ಲೇ ಸುತ್ತುತ್ತಿತ್ತು, ಆಮೇಲೆ ಹೋಯಿತು.

ಈಗ ಸ್ಟೇಷನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಬುಟ್ಟಿ ಬುಟ್ಟಿ ರಸಬಾಳೆ ಇಟ್ಟುಕೊಂಡು ಕೂಗುತ್ತಿದ್ದಾರೆ. ಗಾಡಿ ಬರುವುದರಲ್ಲಿದೆ. ಪತ್ರವನ್ನು ಇಲ್ಲಿಯ ಡಬ್ಬಕ್ಕೇ ಹಾಕಿ ಹತ್ತುತ್ತೇನೆ. ಬೋಳುತಲೆ ಕಂಡ ಕೂಡಲೇ ಅವ್ವ ಕೇಳುವ ಮೊದಲ ಮಾತು ನನಗೆ ಗೊತ್ತು, ಹಣ್ಣೆಲ್ಲೋ ಅಂತ. ತೆಗೆದುಕೊಂಡಿಲ್ಲ. ಹೋದ ಸಲದ ಹಣ್ಣು ಎಲ್ಲಿಯದೆಂದು ಮೊದಲು ಹೇಳಬೇಕು.

ಮಹದೇವು